ಅಳಿವೆಯ ಕೆಸರು ಮತ್ತು ನಾವು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡು ನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಹರಿದು ಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು. ಈ ಕಥೆಯನ್ನು ನಮ್ಮ ಹಿರಿಯರು ಇದೇ ವೇದಿಕೆಯಿಂದ ಎಷ್ಟೋ ಸಲ ಹೇಳಿದ್ದಾರೆ. ನಮಗಿಂತ ಚೆನ್ನಾಗಿಯೇ ಹೇಳಿದ್ದಾರೆ. ಆದ್ದರಿಂದ ನಾವು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ಕೆಸರಿನ ವಿಷಯ. ಹಬ್ಬದ ದಿನ ಕೆಸರಿನ ಮಾತೇಕೆ ಎಂದು ತಾವು ಕೇಳಬಹುದು. ನಾಡು ಎಂದರೆ ನುಡಿಯಷ್ಟೇ ಅಲ್ಲ, ಮಣ್ಣೂ ಹೌದು. ಆ ಮಣ್ಣು ಹೊಳೆಯ ನೀರಿನಲ್ಲಿ ಕರಗಿ, ಕಡಲನ್ನು ಸೇರುವ ಮುನ್ನ ಕೊನೆಯ ಸಲ ನಿಂತು ದಣಿವಾರಿಸಿಕೊಳ್ಳುವ ಸ್ಥಳವೇ ಅಳಿವೆ. ಅಲ್ಲಿಯ ಕೆಸರು ಕೆಟ್ಟರೆ ನಾಡಿನ ಅಂಚು ಕೆಟ್ಟಂತೆ.

ನಾವು ವಿಜ್ಞಾನಿಗಳಲ್ಲ, ಬ್ಯಾಂಕಿನಲ್ಲಿ ಜಮಾ ಖರ್ಚು ಬರೆಯುವವರು. ಆದರೆ ಈ ವಿಷಯವನ್ನು ಓದುತ್ತ ಹೋದಂತೆ, ಇದೂ ಒಂದು ಲೆಕ್ಕದ ವ್ಯವಹಾರವೇ ಎಂದು ನಮಗೆ ತೋರಿತು. ಆ ಧೈರ್ಯದ ಮೇಲೆ ನಾಲ್ಕು ಮಾತು ಹೇಳುತ್ತೇವೆ.

ಕಾರವಾರ, ಕುಮಟಾ, ಹೊನ್ನಾವರ, ಕುಂದಾಪುರಗಳ ಕಡೆಯವರಿಗೆ ಕಾಂಡ್ಲಾ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ಧಾರವಾಡ, ವಿಜಯಪುರ, ಕಲಬುರ್ಗಿಗಳ ಬಯಲಿನಿಂದ ಬಂದವರಿಗಾಗಿ ಹೇಳಬೇಕು. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಕೂಡುವಲ್ಲಿ, ದಿನಕ್ಕೆ ಎರಡು ಸಲ ಭರತ ಬಂದು ಮುಳುಗಿಸಿ ಇಳಿತದಲ್ಲಿ ಬರಿದಾಗುವ ಕೆಸರಿನಲ್ಲಿ, ಬೇರೆ ಯಾವ ಮರವೂ ಬದುಕದ ಜಾಗದಲ್ಲಿ ಬೆಳೆಯುವ ಗಿಡವಿದು. ಕೆಸರಿನೊಳಗೆ ಗಾಳಿಯಿಲ್ಲ, ಆದ್ದರಿಂದ ಕೆಲವು ಜಾತಿಗಳು ಬೇರುಗಳನ್ನು ಊರುಗೋಲಿನಂತೆ ಮೇಲಿನಿಂದಲೇ ಇಳಿಬಿಡುತ್ತವೆ, ಮತ್ತೆ ಕೆಲವು ಪೆನ್ಸಿಲ್ಲಿನಂಥ ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಎತ್ತಿ ಗಾಳಿ ಸೇದುತ್ತವೆ. ಕೆಲವದರ ಬೀಜ ತಾಯಿಗಿಡದ ಮೇಲೆ ಇರುವಾಗಲೇ ಮೊಳೆತು, ಸಸಿಯಾಗಿ ಕೆಳಗೆ ಬೀಳುತ್ತದೆ.

ಇದರ ಹೆಸರೂ ಸ್ವಾರಸ್ಯವಾಗಿದೆ. ನಮ್ಮ ಕರಾವಳಿಯಲ್ಲಿ ಕಾಂಡ್ಲಾ. ಇಲ್ಲಿಯ ಮರಾಠಿಯಲ್ಲಿ ಕಾಂದಳ. 2012ರಲ್ಲಿ ಮಹಾರಾಷ್ಟ್ರ ಸರಕಾರ ಈ ಗಿಡಗಳ ರಕ್ಷಣೆಗೆಂದೇ ಅರಣ್ಯ ಇಲಾಖೆಯಲ್ಲಿ ತೆರೆದ ಶಾಖೆಯ ಹೆಸರು ಕಾಂದಳವನ ಕಕ್ಷ. ಮಲಯಾಳದವರಿಗೆ ಇದು ಕಂಡಲ್. ಹದಿನೇಳನೆಯ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಹೋರ್ತುಸ್ ಮಲಬಾರಿಕಸ್ ಎಂಬ ಸಸ್ಯಗ್ರಂಥದಲ್ಲಿ ಆ ಹೆಸರು ಸೇರಿ, ಅದರಿಂದಲೇ ಕಾಂಡೇಲಿಯಾ ಎಂಬ ಶಾಸ್ತ್ರೀಯ ನಾಮ ಹುಟ್ಟಿತು. ನಮ್ಮ ಪಶ್ಚಿಮ ಕರಾವಳಿಯ ಮೀನುಗಾರರ ಬಾಯಿಮಾತು ಇಂದು ಜಗತ್ತಿನ ವಿದ್ವಾಂಸರ ಬಾಯಲ್ಲಿದೆ. ಭಾಷೆಗಳ ಹೆಸರಿನಲ್ಲಿ ನಾವು ಎಷ್ಟೇ ಗೆರೆ ಎಳೆದರೂ ಕರಾವಳಿ ಒಂದೇ ಎಂಬುದಕ್ಕೆ ಇದೊಂದು ಸಾಕ್ಷಿ.

2021ರ ಅರಣ್ಯ ವರದಿಯ ಪ್ರಕಾರ ಭಾರತದಲ್ಲಿ ಇಂಥ ಕಾಡು 4,992 ಚದರ ಕಿಲೋಮೀಟರು. ಅದರಲ್ಲಿ ಆಂಧ್ರದ್ದು 405, ಮಹಾರಾಷ್ಟ್ರದ್ದು 324. ಕರ್ನಾಟಕದ ಪಾಲಿಗೆ ಬಂದದ್ದು ಕೇವಲ 13. ಹದಿಮೂರೇ ಚದರ ಕಿಲೋಮೀಟರು! ಬಡವನ ಮನೆಯಲ್ಲಿ ಇರುವ ಒಂದು ತೊಲೆ ಬಂಗಾರವನ್ನು ಎಷ್ಟು ಜೋಪಾನ ಮಾಡಬೇಕೋ ಅಷ್ಟು ಜೋಪಾನ ಮಾಡಬೇಕಾದ ಸೊತ್ತು ಇದು.

ಇನ್ನು ಕೆಸರಿನ ಲೆಕ್ಕಕ್ಕೆ ಬರೋಣ. ಹೊಳೆಯ ನೀರು ಅಳಿವೆಯನ್ನು ಮುಟ್ಟಿದೊಡನೆ ಅದರ ಓಟ ಕುಗ್ಗುತ್ತದೆ. ಕಾಂಡ್ಲಾದ ಬೇರುಗಳ ಸಂದಿನಲ್ಲಿ ಇನ್ನೂ ಕುಗ್ಗುತ್ತದೆ. ಆಗ ನೀರು ಹೊತ್ತು ತಂದ ನುಣ್ಣನೆಯ ಮಣ್ಣು ಕೆಳಗೆ ಕೂಡುತ್ತದೆ. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರ, ಸತು ಮೊದಲಾದ ಲೋಹಗಳು ನೀರಿನಲ್ಲಿ ಬಿಡಿಯಾಗಿ ಇರುವುದಕ್ಕಿಂತ ಈ ನುಣುಪು ಮಣ್ಣಿಗೂ ಕೊಳೆತ ಎಲೆಯ ಅಂಶಕ್ಕೂ ಅಂಟಿಕೊಳ್ಳುವುದೇ ಹೆಚ್ಚು. ಹೀಗಾಗಿ ಹೊಳೆಯ ಉದ್ದಕ್ಕೂ ಯಾರು ಯಾರು ಏನೇನು ಸುರಿದರೋ ಅದರ ದೊಡ್ಡ ಪಾಲು ಅಳಿವೆಯ ಕೆಸರಿನಲ್ಲಿ ಜಮೆಯಾಗುತ್ತದೆ. ನೀರನ್ನು ಇಂದು ಪರೀಕ್ಷಿಸಿದರೆ ಇಂದಿನ ಸ್ಥಿತಿ ಮಾತ್ರ ತಿಳಿದೀತು. ಕೆಸರನ್ನು ಪರೀಕ್ಷಿಸಿದರೆ ಹಿಂದಿನ ಐವತ್ತು ವರ್ಷಗಳ ಖಾತೆಯೇ ತೆರೆಯುತ್ತದೆ.

ಇದು ಬರಿಯ ಉಪಮೆಯಲ್ಲ. ಸಂಶೋಧಕರು ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸಿ, ಪದರ ಕೆಡದಂತೆ ಮೇಲೆತ್ತುತ್ತಾರೆ. ಪದರ ಪದರವಾಗಿ ಕೊಯ್ದು, ಯಾವ ಪದರ ಯಾವ ಕಾಲದ್ದೆಂದು ಗೊತ್ತುಮಾಡುತ್ತಾರೆ. ಇದಕ್ಕೆ ನಿಸರ್ಗದಲ್ಲಿರುವ ಸೀಸ-210 ಎಂಬ ವಿಕಿರಣಶೀಲ ಧಾತು ಒಂದು ಸಾಧನ. ಸುಮಾರು 22 ವರ್ಷಗಳಿಗೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. ಸೀಸಿಯಂ-137 ಎಂಬುದು ಇನ್ನೊಂದು. ಬಾಂಬು ಪರೀಕ್ಷೆಗಳ ಕಾಲದಲ್ಲಿ ಆಕಾಶದಿಂದ ಉದುರಿದ ಇದರ ಪ್ರಮಾಣ 1963ರ ಸುಮಾರಿಗೆ ಶಿಖರ ಮುಟ್ಟಿತ್ತು. ಅಂದಮೇಲೆ ಆ ಶಿಖರ ಸಿಕ್ಕ ಪದರ 1963ರದು. ನಮ್ಮ ಖಾತೆಯ ಪುಟಕ್ಕೆ ತಾರೀಖು ಬಿದ್ದ ಹಾಗೆಯೇ!

ಈಗ ಒಂದು ಪ್ರಶ್ನೆ. ವಿಷ ಕೆಸರಿನಲ್ಲಿ ಹೂತು ಕೂತಿದ್ದರೆ ಯಾರಿಗೇನು ತೊಂದರೆ? ಅರ್ಧಮಟ್ಟಿಗೆ ಈ ಪ್ರಶ್ನೆ ಸರಿ. ಕಾಂಡ್ಲಾ ಕೆಸರಿನೊಳಗೆ ಗಾಳಿಯಿಲ್ಲವಷ್ಟೆ. ಅಲ್ಲಿ ಗಾಳಿಯ ಹಂಗಿಲ್ಲದ ಸೂಕ್ಷ್ಮಜೀವಿಗಳು ಕಡಲನೀರಿನ ಗಂಧಕದ ಲವಣಗಳನ್ನು ಬಳಸಿ ಬದುಕುತ್ತವೆ. ಅಳಿವೆಯ ಬದಿಯಲ್ಲಿ ಬರುವ ಕೊಳೆತ ತತ್ತಿಯಂಥ ವಾಸನೆ ಇವುಗಳ ಕೆಲಸವೇ. ಹೀಗೆ ಹುಟ್ಟಿದ ಗಂಧಕದ ಸಂಯುಕ್ತ ಲೋಹಗಳನ್ನು ಹಿಡಿದು, ನೀರಿನಲ್ಲಿ ಕರಗದ ಕಪ್ಪು ಹರಳಾಗಿ ಕಟ್ಟಿಹಾಕುತ್ತದೆ. ಆ ದುರ್ವಾಸನೆಯ ಕಪ್ಪು ಕೆಸರು ಪುಕ್ಕಟೆಯಾಗಿ ನಮ್ಮ ಹೊಲಸನ್ನು ಕಾಯುತ್ತಿರುವ ತಿಜೋರಿ.

ಆದರೆ ಇದು ಮುದ್ದತು ಠೇವಣಿ. ಮುದ್ದತಿಗೆ ಮುಂಚೆ ಮುರಿದವನಿಗೆ ನಷ್ಟ. ಇಲ್ಲಿ ಮುದ್ದತು ಎಂದಿಗೂ ಮುಗಿಯುವಂತಿಲ್ಲ. ಮರ ಕಡಿದು, ಕಟ್ಟೆ ಕಟ್ಟಿ, ಕೆಸರನ್ನು ಒಣಗಿಸಿದಿರೆನ್ನಿ; ಅಥವಾ ಹಡಗಿನ ದಾರಿಗೆಂದು ಹೂಳೆತ್ತಿದಿರೆನ್ನಿ. ಒಳಗಿನ ಪದರಕ್ಕೆ ಗಾಳಿ ತಗಲುತ್ತದೆ. ಗಂಧಕ ಆಮ್ಲವಾಗುತ್ತದೆ, ಕಟ್ಟಿಟ್ಟ ಲೋಹ ಬಿಡುಗಡೆಯಾಗಿ ನೀರಿಗಿಳಿಯುತ್ತದೆ. ಹಳೆಯ ಸಾಲವೆಲ್ಲ ಒಂದೇ ದಿನ ವಸೂಲಿಗೆ ಬಂದಂತೆ. ಪಾದರಸದ್ದಂತೂ ಬೇರೆಯೇ ಮಾತು. ಅದನ್ನು ಹೂತಿಟ್ಟರೂ ನೆಮ್ಮದಿಯಿಲ್ಲ. ಗಾಳಿಯಿಲ್ಲದ ಕೆಸರಿನ ಸೂಕ್ಷ್ಮಜೀವಿಗಳೇ ಅದನ್ನು ಮೀಥೈಲ್ ಪಾದರಸವೆಂಬ ಘೋರ ವಿಷವನ್ನಾಗಿ ಮಾರ್ಪಡಿಸುತ್ತವೆ. ಅದು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ, ದೊಡ್ಡದರಿಂದ ಮನುಷ್ಯನ ತಟ್ಟೆಗೆ, ಮೆಟ್ಟಿಲು ಹತ್ತಿದಂತೆಲ್ಲ ಬಡ್ಡಿ ಬೆಳೆಸಿಕೊಳ್ಳುತ್ತ ಬರುತ್ತದೆ.

ಜಪಾನಿನ ಮಿನಮಾಟಾದಲ್ಲಿ ಆದದ್ದು ಇದೇ. ಅಲ್ಲಿಯ ರಾಸಾಯನಿಕ ಕಾರಖಾನೆಯ ಪಾದರಸ ಕೊಲ್ಲಿಗೆ ಸೇರಿ, ಮೀನು ತಿಂದ ಬೆಸ್ತರ ಮನೆಗಳಲ್ಲಿ ಕೈಕಾಲು ಸೆಳೆತ, ಕಣ್ಣು ಮಂದ, ಮಾತು ತೊದಲು. ತಾಯ ಗರ್ಭದಲ್ಲಿದ್ದ ಕೂಸುಗಳಿಗೂ ಅದು ತಟ್ಟಿತು. 1956ರ ಮೇ 1ರಂದು ಈ ರೋಗ ಸರಕಾರಿ ದಾಖಲೆಗೆ ಬಂತು. ನಮ್ಮ ನಾಡು ಒಂದಾದ ವರ್ಷವೇ ಅದು. ಆದರೂ ಕಾರಖಾನೆ ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ಆಮೇಲೆ ಕೊಲ್ಲಿಯ ಕೆಸರನ್ನು ಎತ್ತಿ, 58 ಹೆಕ್ಟೇರು ಜಾಗದಲ್ಲಿ ತುಂಬಿ ಮುಚ್ಚುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಆ ಊರಿನ ಹೆಸರಿನಲ್ಲೇ ಆದ ಪಾದರಸದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು.

ದೂರದ ಮಾತು ಬಿಡೋಣ. ಇಲ್ಲಿಂದ ಘಟ್ಟ ಇಳಿದರೆ ಠಾಣೆಯ ಖಾಡಿ. ಠಾಣೆ-ಬೇಲಾಪುರ ರಸ್ತೆಯ ಬದಿಗೆ 1960ರ ದಶಕದಿಂದ ಕಾರಖಾನೆಗಳು ಬೆಳೆದವು. ಎರಡೂ ದಡದಲ್ಲಿ ಊರು ಬೆಳೆಯಿತು. ಖಾಡಿಯ ಕೆಸರಿನಲ್ಲಿ ಲೋಹಗಳು ಸಹಜ ಪ್ರಮಾಣವನ್ನು ಮೀರಿರುವುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಪಕ್ಕದ ಉಲ್ಹಾಸ ಹೊಳೆಯ ಅಳಿವೆಯಲ್ಲಿ ಕಾಸ್ಟಿಕ್ ಸೋಡಾ ತಯಾರಿಕೆಯಿಂದ ಬಂದ ಪಾದರಸವನ್ನು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಅಳೆದರು. ಪಾದರಸ ಬಳಸುವ ಆ ಹಳೆಯ ವಿಧಾನವನ್ನು ನಮ್ಮ ದೇಶದ ಕಾರಖಾನೆಗಳು ಬಹುತೇಕ ಬಿಟ್ಟಿವೆ. ಆದರೆ ಕೆಸರಿಗೆ ಸೇರಿದ್ದು ಕಾರಖಾನೆಯೊಡನೆ ಹೋಗುವುದಿಲ್ಲ.

2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಬಾಯಲ್ಲಿ ಎರಡು ಹಡಗುಗಳು ಢಿಕ್ಕಿ ಹೊಡೆದು ಸುಮಾರು 800 ಟನ್ ಎಣ್ಣೆ ಚೆಲ್ಲಿದ್ದು ತಮಗೆ ನೆನಪಿರಬಹುದು. ಎಣ್ಣೆ ಬಂದು ಉಸಿರುಬೇರುಗಳ ಮೇಲೆ ಲೇಪವಾದರೆ ಗಿಡಕ್ಕೆ ಮೂಗು ಮುಚ್ಚಿದಂತೆ. 1986ರಲ್ಲಿ ಪನಾಮಾ ದೇಶದ ಕರಾವಳಿಯಲ್ಲಿ ತೊಟ್ಟಿ ಒಡೆದು ಎಣ್ಣೆ ಹರಿದಾಗ ಕಾಂಡ್ಲಾವನ ಸತ್ತದ್ದಷ್ಟೇ ಅಲ್ಲ. ವರ್ಷಗಳು ಕಳೆದ ಮೇಲೂ ಕೆಸರಿನಿಂದ ಎಣ್ಣೆ ಒಸರುತ್ತಲೇ ಇತ್ತೆಂದು ಅಲ್ಲಿಯ ವಿಜ್ಞಾನಿಗಳು ಬರೆದಿಟ್ಟಿದ್ದಾರೆ.

ಠಾಣೆಯ ಖಾಡಿಗೆ ಪ್ರತಿವರ್ಷ ಸಾವಿರಾರು ರಾಜಹಂಸಗಳು ಬರುತ್ತವೆ. 2015ರಲ್ಲಿ ಅದು ಅಭಯಾರಣ್ಯವಾಯಿತು. 2022ರಲ್ಲಿ ರಾಮಸರ್ ಪಟ್ಟಿಗೆ ಸೇರಿತು. ಹಕ್ಕಿಗಳೇ ಇಷ್ಟು ಬರುವಾಗ ಕೆಸರು ಕೆಟ್ಟಿದೆಯೆನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಊರಿನ ಚರಂಡಿ ನೀರು ಕೊಡುವ ಗೊಬ್ಬರದಿಂದ ಪಾಚಿ ಹುಲುಸಾಗಿ, ಅದನ್ನು ತಿನ್ನಲು ಹಕ್ಕಿ ಬರುತ್ತದೆಂದು ಪಕ್ಷಿಗಳನ್ನು ಬಲ್ಲವರು ಹೇಳುತ್ತಾರೆ. ಜನ ತುಂಬಿದ ಊಟದ ಮನೆಯಲ್ಲಿ ಅಡಿಗೆ ಶುಚಿಯಾಗಿಯೇ ಇರಬೇಕೆಂದೇನೂ ಇಲ್ಲವಷ್ಟೆ. ಆದ್ದರಿಂದ ಕೆಸರಿನ ವಿಷವನ್ನು ತಿಳಿಯಲು ವಿಜ್ಞಾನಿಗಳು ಲೋಹ ತೂಗುವುದರ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತಾರೆ. ಸೀಗಡಿಯ ಜಾತಿಯ ಒಂದು ಪುಟ್ಟ ಪ್ರಾಣಿಯನ್ನು ಆ ಕೆಸರಿನಲ್ಲಿ 10 ದಿನ ಬಿಟ್ಟು, ಎಷ್ಟು ಉಳಿದವೆಂದು ಎಣಿಸುತ್ತಾರೆ. ಯಾಕೆಂದರೆ ಕೆಸರಿನಲ್ಲಿ ಎಷ್ಟು ಸೀಸವಿದೆ ಎಂಬುದು ಒಂದು ಲೆಕ್ಕ. ಅದರಲ್ಲಿ ಜೀವದ ಮೈಗೆ ಹತ್ತುವುದೆಷ್ಟು ಎಂಬುದು ಬೇರೆ ಲೆಕ್ಕ.

ಈ ರಾಜ್ಯದ ನ್ಯಾಯಾಲಯ ಮಾಡಿದ ಉಪಕಾರವನ್ನೂ ನೆನೆಯಬೇಕು. ಕಾಂದಳ ಗಿಡ ಕಡಿಯುವುದನ್ನು ಮುಂಬಯಿ ಹೈಕೋರ್ಟು 2005ರಲ್ಲಿ ತಡೆಯಿತು. 2018ರ ಸೆಪ್ಟೆಂಬರಿನಲ್ಲಿ ಅಂತಿಮ ತೀರ್ಪು ಕೊಟ್ಟು, ಇವುಗಳ ನಾಶ ಪ್ರಜೆಯ ಮೂಲಭೂತ ಹಕ್ಕಿಗೇ ಭಂಗವೆಂದು ಸಾರಿತು.

ಇನ್ನು ನಮ್ಮ ನಾಡಿಗೆ ಬರೋಣ. ಶಿರಸಿಯ ಮಗ್ಗುಲಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ಬಳಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ದಡದಲ್ಲಿ ದೊಡ್ಡ ಕಾರಖಾನೆಯೂ ಇಲ್ಲ. ಗಜನಿ ಭೂಮಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಆರಿಸುತ್ತಾರೆ. ತದಡಿಯಲ್ಲಿ ಭಾರಿ ಉಷ್ಣವಿದ್ಯುತ್ ಸ್ಥಾವರ ಮಾಡುವ ಯೋಜನೆ ಬಂದಾಗ ಆ ಭಾಗದ ಜನ ಒಪ್ಪಲಿಲ್ಲ, ಯೋಜನೆ ಬಿದ್ದುಹೋಯಿತು. 2024ರ ಜನವರಿಯಲ್ಲಿ ಅಘನಾಶಿನಿಯ 4,801 ಹೆಕ್ಟೇರು ಅಳಿವೆ ರಾಮಸರ್ ಪಟ್ಟಿಗೆ ಸೇರಿತು.

ಬಳಚಿನ ವಿಷಯ ಒಂದು ಮಾತು. ಅದು ತನ್ನ ಆಹಾರಕ್ಕಾಗಿ ನೀರನ್ನು ಸೋಸುತ್ತಲೇ ಇರುತ್ತದೆ. ನೀರಿನಲ್ಲಿ ತೇಲುವ ಕೆಸರಿನ ಲೋಹವೂ ಅದರ ಮೈಯಲ್ಲಿ ಸೇರುತ್ತದೆ. ಆದ್ದರಿಂದಲೇ ಜಗತ್ತಿನ ಹಲವು ಕಡೆ ಚಿಪ್ಪಿನ ಪ್ರಾಣಿಗಳನ್ನು ಕಾವಲುಗಾರರಂತೆ ಇಟ್ಟು ಕರಾವಳಿಯ ಶುದ್ಧಿಯನ್ನು ಅಳೆಯುತ್ತಾರೆ. ಅಘನಾಶಿನಿಯ ಕೆಸರು ಕೆಟ್ಟರೆ ಅದು ಮೊದಲು ತಟ್ಟುವುದು ವರದಿ ಬರೆಯುವವರಿಗಲ್ಲ, ಬುಟ್ಟಿ ಹಿಡಿದು ಕೆಸರಿಗಿಳಿದ ಆ ತಾಯಂದಿರ ಒಲೆಗೆ.

ಅದು ಅವರ ಊರಿನ ಮಾತಾಯಿತು; ಪುಣೆಯಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ? ಬಂಧುಗಳೇ, ನಾವು ಇಂದು ಈ ವಿಷಯ ಎತ್ತಿದ್ದೇ ಈ ಪ್ರಶ್ನೆಗಾಗಿ. ನಮ್ಮ ಕಿಟಕಿಯ ಕೆಳಗೆ ಹರಿಯುವ ಮುಳಾ-ಮುಠಾ ಪಶ್ಚಿಮಕ್ಕೆ ಹೋಗುವುದಿಲ್ಲ, ಪೂರ್ವಕ್ಕೆ ಹೋಗುತ್ತದೆ. ಪಿಂಪರಿ-ಚಿಂಚವಡದ ಪವನಾ ಇದಕ್ಕೇ ಬಂದು ಸೇರುತ್ತದೆ. ಆಳಂದಿಯ ಇಂದ್ರಾಯಣಿಯಲ್ಲಿ ನೊರೆ ತೇಲುವುದನ್ನು ನಾವೆಲ್ಲ ಕಂಡಿದ್ದೇವೆ. ಅದೂ ಭೀಮೆಗೇ ಕೂಡುತ್ತದೆ. ಭೀಮೆ ಉಜನಿಯ ಜಲಾಶಯದಲ್ಲಿ ನಿಲ್ಲುತ್ತಾಳೆ. ಸೊಲ್ಲಾಪುರ ಕುಡಿಯುವುದು ಆ ನೀರನ್ನೇ. ಸೊಲ್ಲಾಪುರದಲ್ಲಿ ಎಷ್ಟು ಕನ್ನಡದ ಮನೆಗಳಿವೆಯೆಂದು ತಮಗೆ ಹೇಳಬೇಕೇ? ಮುಂದೆ ಪಂಢರಪುರ. ಅಲ್ಲಿಂದ ಇಂಡಿ, ಅಫಜಲಪುರ, ದೇವಲ ಗಾಣಗಾಪುರ, ಸನ್ನತಿ, ಯಾದಗಿರಿ ಸೀಮೆ. ಆಮೇಲೆ ಕೃಷ್ಣೆಯನ್ನು ಕೂಡಿ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡಗಳನ್ನು ದಾಟಿ ಬಂಗಾಳ ಕೊಲ್ಲಿಗೆ ಸೇರುವಲ್ಲಿ ಏನಿದೆಯೆಂದರೆ, ಮತ್ತೆ ಕಾಂಡ್ಲಾವನ! ಆಂಧ್ರದ ಆ ಕಾಡು ಕೃಷ್ಣಾ ಅಭಯಾರಣ್ಯದಲ್ಲಿದೆ.

ಪುಣೆಯ ಲೋಹವೆಲ್ಲ ಆ ಕಾಡಿಗೆ ಹೋಗಿ ಮುಟ್ಟುತ್ತದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ದಾರಿಯಲ್ಲಿ ಇಷ್ಟೊಂದು ಅಣೆಕಟ್ಟುಗಳಿರುವಾಗ ಹೂಳಿನ ಬಹುಪಾಲು ಅವುಗಳ ಹಿಂದೆಯೇ ಕೂಡುತ್ತದೆ. ಆದರೆ ಇದರಲ್ಲಿ ಸಮಾಧಾನಪಡುವಂಥದೇನಿದೆ? ಸಮುದ್ರದಂಚಿನ ಕಾಡಿಗೆ ಬೇಕಾದ ಒಳ್ಳೆಯ ಮಣ್ಣು ಸಿಗದೆ ದಡ ಕೊರೆದುಹೋಗುತ್ತಿದೆ. ಹೋಗಬಾರದ ಹೊಲಸು ಕುಡಿಯುವ ನೀರಿನ ಕೆರೆಯ ತಳದಲ್ಲಿ ಜಮೆಯಾಗುತ್ತಿದೆ. ಎರಡು ಕಡೆಯೂ ನಷ್ಟವೇ.

ಈ ಊರಿಗೆ ನಾವು ಅನ್ನಕ್ಕಾಗಿ ಬಂದವರು. ಈ ಊರು ನಮಗೆ ಅನ್ನ ಕೊಟ್ಟಿದೆ, ನಮ್ಮ ಮಕ್ಕಳಿಗೆ ವಿದ್ಯೆ ಕೊಟ್ಟಿದೆ. ವರ್ಷಕ್ಕೊಮ್ಮೆ ನಾವು ಊರಿಗೆ ಹೋಗುವಾಗ ಸೀರೆ, ಬಾಕರವಡಿ ಕಟ್ಟಿಕೊಂಡು ಹೋಗುತ್ತೇವೆ. ಆದರೆ ಉಳಿದ ದಿನಗಳಲ್ಲಿ, ನಮಗೆ ಅರಿವಿಲ್ಲದೆ, ಹೊಳೆಯ ಕೈಯಲ್ಲಿ ತವರಿಗೆ ಏನನ್ನು ಕಳಿಸುತ್ತಿದ್ದೇವೆ? ಗಾಣಗಾಪುರದ ಸಂಗಮದಲ್ಲಿ ಮಿಂದು ಕೈಮುಗಿಯುವ ಆ ನೀರಿನಲ್ಲಿ ನಮ್ಮದೇ ಮೋರಿಯ ಪಾಲು ಇಲ್ಲವೇ?

ಸರಕಾರ ಸುಮ್ಮನಿಲ್ಲ. ಮುಳಾ-ಮುಠಾ ಶುದ್ಧಿಗೆ ಜಪಾನಿನ ಸಾಲದ ನೆರವಿನೊಡನೆ 990 ಕೋಟಿ ರೂಪಾಯಿಯ ಯೋಜನೆ 2016ರಲ್ಲಿ ಮಂಜೂರಾಯಿತು. ಅದರಲ್ಲಿ 11 ಹೊಸ ಶುದ್ಧೀಕರಣ ಘಟಕಗಳು ಸೇರಿವೆ. ಆದರೆ ಒಂದು ಮಾತು ನೆನಪಿರಲಿ: ಮೋರಿಯ ನೀರು ಸೋಸುವ ಘಟಕಗಳು ಮುಖ್ಯವಾಗಿ ಕೊಳೆಯುವ ಹೊಲಸಿಗಾಗಿ ಆದವು. ಲೋಹ ಕೊಳೆಯುವುದಿಲ್ಲ. ಘಟಕದಲ್ಲಿ ಸಿಕ್ಕಿಬಿದ್ದರೂ ಅಲ್ಲಿಯ ಹೂಳಿನಲ್ಲಿ ಉಳಿಯುತ್ತದೆ. ಅದನ್ನು ತಡೆಯಬೇಕಾದದ್ದು ಹುಟ್ಟುವಲ್ಲಿ, ಅಂದರೆ ಕಾರಖಾನೆಯಲ್ಲಿ, ವರ್ಕ್‌ಶಾಪಿನಲ್ಲಿ, ಮನೆಯಲ್ಲಿ. ನಮ್ಮವರಲ್ಲಿ ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಕೆಲಸದ ಚಿಕ್ಕ ಘಟಕಗಳನ್ನು ನಡೆಸುವವರಿದ್ದಾರೆ, ಅಲ್ಲಿ ದುಡಿಯುವವರಿದ್ದಾರೆ. ಕ್ರೋಮಿಯಂ, ನಿಕಲ್ ಬೆರೆತ ನೀರನ್ನು ರಾತ್ರಿ ಹೊತ್ತು ಮೋರಿಗೆ ಬಿಟ್ಟರೆ ಉಳಿಯುವ ಹಣ ಎಷ್ಟೆಂದು ಅವರೇ ಲೆಕ್ಕ ಹಾಕಲಿ. ಆ ಖರ್ಚು ತಪ್ಪುವುದಿಲ್ಲ, ಬೇರೆಯವರ ಹೆಸರಿಗೆ ಬರೆಯಲ್ಪಡುತ್ತದೆ ಅಷ್ಟೆ.

ಮನೆಯಲ್ಲಿ ಮಾಡುವ ಕೆಲಸ ದೊಡ್ಡದೇನಲ್ಲ. ಒಡೆದ ಪಾದರಸದ ಥರ್ಮಾಮೀಟರು, ಹಳೆಯ ಟ್ಯೂಬ್‌ಲೈಟು, ಮುಗಿದ ಬ್ಯಾಟರಿ, ಉಳಿದ ಬಣ್ಣ, ಇವುಗಳನ್ನು ಕಸದ ಬುಟ್ಟಿಗೂ ಮೋರಿಗೂ ಹಾಕದಿರುವುದು. ಗಣಪತಿಯನ್ನು ಮಣ್ಣಿನದೇ ತಂದು, ಹೊಳೆಗೆ ಬಿಡದೆ ಹೌದದಲ್ಲಿ ಬಿಡುವುದು. ಪ್ಲಾಸ್ಟರಿನ ಮೂರ್ತಿ, ವಿಷದ ಬಣ್ಣ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ಸೂಚನೆ ಕೊಟ್ಟು 2020ರಲ್ಲಿ ಅದನ್ನು ಪರಿಷ್ಕರಿಸಿತು. ನಮ್ಮ ಸಂಘದ ಬಾಗಿಲಲ್ಲಿ ಬ್ಯಾಟರಿ ಮತ್ತು ದೀಪಗಳಿಗೆ ಒಂದು ಪೆಟ್ಟಿಗೆ ಇಡೋಣವೆಂದು, ತುಂಬಿದಾಗ ಅದನ್ನು ಅಧಿಕೃತ ಸಂಗ್ರಾಹಕರಿಗೆ ಮುಟ್ಟಿಸುವ ಹೊಣೆಯನ್ನು ಕೆಲವು ತರುಣರು ಹೊರಲೆಂದು ನಾವು ಈ ಸಭೆಗೆ ಸೂಚಿಸುತ್ತೇವೆ. ಇನ್ನೊಂದು ಸೂಚನೆ: ಈ ವರ್ಷ ಮಕ್ಕಳ ಪ್ರವಾಸ ಠಾಣೆ ಖಾಡಿಯ ದಡದ ಐರೋಲಿಗೆ ಆಗಲಿ. ಅಲ್ಲಿಯ ಜೀವವೈವಿಧ್ಯ ಕೇಂದ್ರದಲ್ಲಿ ಉಸಿರುಬೇರನ್ನು ಅವರು ಕಣ್ಣಾರೆ ಕಾಣಲಿ. ಆಮೇಲೆ ಬೇಸಿಗೆಯ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ, ಎರಡು ಕಿಲೋಮೀಟರು ಉದ್ದದ ಶರಾವತಿಯ ಸೇತುವೆ ಬಂದೊಡನೆ ಆ ಹುಡುಗರೇ ಕಿಟಕಿಯಿಂದ ಕೈ ತೋರಿಸಿ, ಅಕೋ ಕಾಂಡ್ಲಾ, ಎಂದು ಅಜ್ಜ ಅಜ್ಜಿಯರಿಗೆ ಹೇಳುವಂತಾಗಲಿ. ಒಂದು ಗಿಡದ ಕನ್ನಡದ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಉಳಿದರೆ ಅದೂ ರಾಜ್ಯೋತ್ಸವವೇ.

ಬ್ಯಾಂಕಿನಲ್ಲಿ ವರ್ಷದ ಕೊನೆಗೆ ಎರಡೂ ಬದಿ ತಾಳೆಯಾಗದೆ ಪುಸ್ತಕ ಮುಚ್ಚುವಂತಿಲ್ಲ. ಹೊಳೆಯ ಲೆಕ್ಕಕ್ಕೆ ಅಂಥ ಗಡುವಿಲ್ಲ. ಆದ್ದರಿಂದಲೇ ನಾವು ಅದನ್ನು ಮುಂದೂಡುತ್ತ ಬಂದಿದ್ದೇವೆ. ಕೆಳಗಿನ ಊರಿನವರು ನಮ್ಮವರೇ ಎಂಬುದನ್ನು ಮರೆಯದಿದ್ದರೆ ಸಾಕು, ಉಳಿದದ್ದು ತಾನಾಗಿ ಸರಿಹೋದೀತು.